ಮನೆಯ ಅಕ್ವೇರಿಯಂನಲ್ಲಿ ಕಿರು ಸಿಕ್ಲಿಡ್ ಸಾಕಣೆ: ನಲ್ಲಿ ನೀರಿನಿಂದ ಮರಿಗಳವರೆಗೆ

“ರ‍್ಯಾಮ್ ಮೀನಿನ ಒಂದು ಜೋಡಿ ತಂದಿದ್ದೆವು. ಮೂರು ವಾರ ಚೆನ್ನಾಗಿಯೇ ಇತ್ತು. ಆಮೇಲೆ ತಿನ್ನುವುದನ್ನು ಬಿಟ್ಟು, ಮೂಲೆ ಸೇರಿ, ಸತ್ತುಹೋಯಿತು. ಎಲ್ಲಿ ತಪ್ಪಾಯಿತು?” ಕಿರು ಸಿಕ್ಲಿಡ್‌ಗಳ ಬಗ್ಗೆ ಓದುಗರು ಕೇಳುವ ಪ್ರಶ್ನೆಗಳಲ್ಲಿ ಹೆಚ್ಚಿನವು ಇದೇ ಪ್ರಶ್ನೆಯ ಬೇರೆ ಬೇರೆ ರೂಪಗಳು. ಉತ್ತರವೂ ಬಹುಪಾಲು ಒಂದೇ ಆಗಿರುತ್ತದೆ. ಅಂಗಡಿಯಲ್ಲಿ ಬಣ್ಣ ನೋಡಿ ಮೀನನ್ನು ಮೊದಲು ಕೊಂಡು, ಮನೆಗೆ ತಂದ ಮೇಲೆ ಅದಕ್ಕೆ ಹೊಂದುವಂತೆ ನೀರನ್ನು ಬದಲಿಸಲು ಹೆಣಗಿರುತ್ತಾರೆ. ಈ ಕೆಲಸ ನಡೆಯಬೇಕಾದದ್ದು ಇನ್ನೊಂದು ತುದಿಯಿಂದ: ಮನೆಗೆ ಯಾವ ನೀರು ಬರುತ್ತದೆಯೋ ಆ ನೀರಿಗೆ ಒಗ್ಗುವ ಮೀನನ್ನು ಆರಿಸಬೇಕು, ಮತ್ತು ಮೀನು ಬರುವ ಒಂದು ತಿಂಗಳ ಮೊದಲೇ ತೊಟ್ಟಿ ಸಿದ್ಧವಾಗಿರಬೇಕು. ಈ ಲೇಖನ ಆ ಕ್ರಮದಲ್ಲೇ ಸಾಗುತ್ತದೆ.

ಸಿಕ್ಲಿಡ್ ಎನ್ನುವುದು ಒಂದು ದೊಡ್ಡ ಮೀನು ಕುಟುಂಬದ ಹೆಸರು. ಅಂಗಡಿಗಳಲ್ಲಿ ಕಾಣುವ ಆಸ್ಕರ್, ಏಂಜೆಲ್, ಡಿಸ್ಕಸ್, ಫ್ಲವರ್‌ಹಾರ್ನ್, ನಮ್ಮ ಕೆರೆಗಳಲ್ಲಿ ತುಂಬಿಕೊಂಡಿರುವ ಜಿಲೇಬಿ ಮೀನು, ಎಲ್ಲವೂ ಇದೇ ಕುಟುಂಬಕ್ಕೆ ಸೇರಿದವು. ಪೂರ್ತಿ ಬೆಳೆದಾಗಲೂ ಸುಮಾರು 10 ಸೆಂಟಿಮೀಟರ್ ದಾಟದ ಜಾತಿಗಳನ್ನು ಹವ್ಯಾಸಿಗಳು ಕಿರು ಸಿಕ್ಲಿಡ್ ಎಂದು ಬೇರೆಯಾಗಿ ಗುರುತಿಸುತ್ತಾರೆ. ಗಾತ್ರ ಚಿಕ್ಕದಾದರೂ ಕುಟುಂಬದ ಗುಣಗಳು ಪೂರ್ತಿಯಾಗಿ ಇವುಗಳಲ್ಲಿವೆ. ಜೋಡಿ ಕಟ್ಟುತ್ತವೆ, ತಮ್ಮದೊಂದು ಜಾಗ ಗುರುತಿಸಿಕೊಂಡು ಕಾಯುತ್ತವೆ, ಮೊಟ್ಟೆಯಿಟ್ಟು ಹೊರಟುಹೋಗದೆ ಮರಿಗಳನ್ನು ವಾರಗಟ್ಟಲೆ ಸಾಕುತ್ತವೆ. ಎರಡು ಅಡಿಯ ಗಾಜಿನ ತೊಟ್ಟಿಯೊಳಗೆ ಇಷ್ಟನ್ನೂ ಕಣ್ಣಾರೆ ನೋಡಬಹುದು ಎಂಬುದೇ ಈ ಮೀನುಗಳನ್ನು ಸಾಕಲು ನನಗೆ ಕಾಣುವ ದೊಡ್ಡ ಕಾರಣ.

1. ನಿಮ್ಮ ನೀರನ್ನು ಅಳೆಯಿರಿ

ತಿಳಿಯಬೇಕಾದ ಸಂಗತಿಗಳು ಮೂರು. ಮೊದಲನೆಯದು ಪಿಎಚ್, ಅಂದರೆ ನೀರು ಆಮ್ಲೀಯವೋ ಕ್ಷಾರೀಯವೋ ಎಂಬುದರ ಅಳತೆ. 7 ಎಂದರೆ ತಟಸ್ಥ, ಅದಕ್ಕಿಂತ ಕೆಳಗೆ ಆಮ್ಲೀಯ, ಮೇಲೆ ಕ್ಷಾರೀಯ. ಎರಡನೆಯದು ಗಡಸುತನ, ಅಂದರೆ ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂನ ಪ್ರಮಾಣ. ಬಕೆಟ್ಟಿನ ಅಂಚಿಗೆ ಬಿಳಿ ಪೊರೆ ಕಟ್ಟಿದರೆ, ಸೋಪು ನೊರೆ ಬಿಡದಿದ್ದರೆ ಅದು ಗಡಸು ನೀರು. ಮೂರನೆಯದು ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿರುವ ಎಲ್ಲ ಲವಣಗಳ ಒಟ್ಟು ಮೊತ್ತ. ಇದನ್ನು ಪಿಪಿಎಂನಲ್ಲಿ, ಅಂದರೆ ಲೀಟರಿಗೆ ಇಷ್ಟು ಮಿಲಿಗ್ರಾಂ ಎಂದು ಹೇಳುತ್ತಾರೆ. ಟಿಡಿಎಸ್ ಮೀಟರ್ ತೋರಿಸುವುದು ಗಡಸುತನವನ್ನಲ್ಲ, ಆದರೆ ಊಹೆಗೆ ಒಂದು ಆಧಾರ ಸಿಗುತ್ತದೆ. ಪಿಎಚ್, ಅಮೋನಿಯ, ನೈಟ್ರೈಟ್, ನೈಟ್ರೇಟ್ ಅಳೆಯಲು ಹನಿ ಹಾಕಿ ಬಣ್ಣ ನೋಡುವ ದ್ರವರೂಪದ ಪರೀಕ್ಷಾ ಕಿಟ್ ಕೊಳ್ಳಿರಿ. ಕಾಗದದ ಪಟ್ಟಿಗಳು ಅಷ್ಟು ನಂಬಿಕೆಗೆ ಅರ್ಹವಲ್ಲ. ಹಣ ಉಳಿಸಬೇಕಾಗಿ ಬಂದರೆ ಬೇರೆ ಎಲ್ಲಾದರೂ ಉಳಿಸಿ, ಈ ಕಿಟ್‌ನಲ್ಲಿ ಬೇಡ.

ಕೊಳವೆಬಾವಿಯ ನೀರನ್ನು ಪಂಪಿನಿಂದ ಹಿಡಿದ ಕೂಡಲೇ ಅಳೆಯಬಾರದು. ನೆಲದಾಳದ ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚು ಕರಗಿರುವುದರಿಂದ ಪಿಎಚ್ ಮೊದಲು ಕಡಿಮೆ ತೋರಿ, ಆ ಅನಿಲ ಹೊರಹೋದಂತೆ ಏರುತ್ತದೆ. ಬಕೆಟ್ಟಿನಲ್ಲಿ ಒಂದು ದಿನ ಗಾಳಿಯಾಡಿಸಿದ ನಂತರ ಬರುವ ಅಂಕಿಯೇ ನಿಮ್ಮ ನಿಜವಾದ ಅಂಕಿ. ನಗರಸಭೆಯ ನೀರಾದರೆ ಅದರಲ್ಲಿ ಕ್ಲೋರಿನ್ ಇರುತ್ತದೆ. ಅದು ಮೀನಿನ ಕಿವಿರನ್ನು ಸುಡುತ್ತದೆ. ಸೋಡಿಯಂ ಥಯೋಸಲ್ಫೇಟ್ ಆಧಾರಿತ ಕ್ಲೋರಿನ್ ನಿವಾರಕವನ್ನು ಹಾಕುವುದು ಸುಲಭದ ದಾರಿ.

ಅಪಾರ್ಟ್‌ಮೆಂಟ್‌ಗಳಲ್ಲಿರುವವರು ಒಂದು ವಿಷಯವನ್ನು ವಿಚಾರಿಸಿಕೊಳ್ಳಬೇಕು. ಕಟ್ಟಡಕ್ಕೆಲ್ಲ ವಾಟರ್ ಸಾಫ್ಟ್‌ನರ್ ಅಳವಡಿಸಿದ್ದರೆ ನಲ್ಲಿಯ ನೀರು ಕೈಗೆ ಮೃದುವಾಗಿ ಕಂಡರೂ ಮೀನಿಗೆ ಮೃದುವಲ್ಲ. ಆ ಯಂತ್ರ ಕ್ಯಾಲ್ಸಿಯಂ ತೆಗೆದು ಅದರ ಜಾಗಕ್ಕೆ ಸೋಡಿಯಂ ತುಂಬುತ್ತದೆ, ಟಿಡಿಎಸ್ ಹೆಚ್ಚುಕಡಿಮೆ ಇದ್ದಷ್ಟೇ ಉಳಿಯುತ್ತದೆ. ಅಂಥ ನೀರನ್ನು ಬಿಟ್ಟು ಸಾಫ್ಟ್‌ನರ್‌ಗೆ ಹೋಗುವ ಮುಂಚಿನ ನೀರನ್ನು ಪಡೆಯಲು ಸಾಧ್ಯವೇ ನೋಡಿರಿ.

2. ನೀರಿಗೆ ತಕ್ಕ ಮೀನನ್ನು ಆರಿಸಿ

ಕರಾವಳಿಯಲ್ಲಿ ಜಂಬಿಟ್ಟಿಗೆ ನೆಲದ ಬಾವಿಗಳ ನೀರು ಸಾಮಾನ್ಯವಾಗಿ ಮೃದು, ತುಸು ಆಮ್ಲೀಯ. ಹವೆಯೂ ವರ್ಷವಿಡೀ ಬೆಚ್ಚಗಿರುತ್ತದೆ. ರ‍್ಯಾಮ್ ಮೀನು ಕೇಳುವುದೂ ಇದನ್ನೇ. ಇದರ ಶಾಸ್ತ್ರೀಯ ಹೆಸರು ಮೈಕ್ರೋಜಿಯೋಫೇಗಸ್ ರಾಮಿರೆಜಿ, ತವರು ವೆನೆಜುವೆಲಾ ಮತ್ತು ಕೊಲಂಬಿಯಾದ ಒರಿನೋಕೊ ನದಿ ಬಯಲಿನ ಬೆಚ್ಚನೆಯ, ಲವಣ ಬಹಳ ಕಡಿಮೆ ಇರುವ ಹಳ್ಳಗಳು. 1948ರಲ್ಲಿ ಇದನ್ನು ವಿಜ್ಞಾನಿಗಳು ವಿವರಿಸಿದಾಗ, ಮೀನನ್ನು ಸಂಗ್ರಹಿಸಿ ತಂದ ಮ್ಯಾನುಯೆಲ್ ರಾಮಿರೆಜ್ ಅವರ ಹೆಸರನ್ನೇ ಇಟ್ಟರು. ಆರೇಳು ಸೆಂಟಿಮೀಟರ್ ಉದ್ದದ ಈ ಮೀನಿಗೆ 27ರಿಂದ 30 ಡಿಗ್ರಿ ಸೆಲ್ಸಿಯಸ್ ಉಷ್ಣತೆ, 7ಕ್ಕಿಂತ ಕೆಳಗಿನ ಪಿಎಚ್ ಬೇಕು. ಎಲ್ಲ ಅಂಗಡಿಗಳಲ್ಲೂ ಸಿಗುವುದು ಇದೇ. ಹೊಸಬರ ಕೈಯಲ್ಲಿ ಹೆಚ್ಚು ಸಾಯುವುದೂ ಇದೇ. ಎಲ್ಲ ಸರಿಯಿದ್ದರೂ ಎರಡು ಮೂರು ವರ್ಷಕ್ಕಿಂತ ಹೆಚ್ಚು ಬಾಳುವುದು ಅಪರೂಪ ಎಂಬುದನ್ನು ತಿಳಿದೇ ಕೊಳ್ಳಿರಿ.

ಟಿಡಿಎಸ್ 300ರ ಒಳಗಿದ್ದು ಪಿಎಚ್ 7ರ ಆಸುಪಾಸಿನಲ್ಲಿರುವ ನೀರು ನಿಮ್ಮದಾದರೆ ಮೊದಲ ಮೀನಾಗಿ ನಾನು ಸೂಚಿಸುವುದು ಕಾಕಟೂ ಅಪಿಸ್ಟೊ, ಅಂದರೆ ಅಪಿಸ್ಟೊಗ್ರಾಮ ಕಕಟುವಾಯ್ಡಿಸ್. ಇದು ಪೆರು, ಬ್ರೆಜಿಲ್, ಕೊಲಂಬಿಯಾಗಳಲ್ಲಿ ಹರಡಿರುವ ಪಶ್ಚಿಮ ಅಮೆಜಾನ್ ಪ್ರದೇಶದ್ದು. ಗಂಡಿನ ಬೆನ್ನಿನ ಈಜುರೆಕ್ಕೆಯ ಮುಂದಿನ ಕಡ್ಡಿಗಳು ಕಾಕಟೂ ಗಿಳಿಯ ಜುಟ್ಟಿನಂತೆ ಎದ್ದು ನಿಲ್ಲುವುದರಿಂದ ಈ ಹೆಸರು. ಗಂಡು ಸುಮಾರು 8 ಸೆಂಟಿಮೀಟರ್, ಹೆಣ್ಣು 5. ಉಳಿದ ಅಪಿಸ್ಟೊಗಳಿಗಿಂತ ಗಟ್ಟಿ ಮೀನು. 24ರಿಂದ 28 ಡಿಗ್ರಿಯಲ್ಲಿ ಚೆನ್ನಾಗಿರುತ್ತದೆ. ಇದೇ ನೀರಿಗೆ ಬೊಲಿವಿಯನ್ ರ‍್ಯಾಮ್ ಕೂಡ ಹೊಂದುತ್ತದೆ. ಮೇಲೆ ಹೇಳಿದ ನೀಲಿ ರ‍್ಯಾಮ್‌ನಷ್ಟು ಹೊಳಪಿಲ್ಲದಿದ್ದರೂ ಅದಕ್ಕಿಂತ ಬಹಳ ತಾಳಿಕೆಯ ಮೀನು ಅದು. ನೈಜೀರಿಯಾ, ಕ್ಯಾಮರೂನ್‌ಗಳ ಕ್ರಿಬ್, ಅಂದರೆ ಪೆಲ್ವಿಕಕ್ರೋಮಿಸ್ ಪಲ್ಚರ್, ಇನ್ನೂ ಸ್ವಲ್ಪ ಗಡಸು ನೀರನ್ನೂ ಸಹಿಸುತ್ತದೆ. ಬೆದೆಗೆ ಬಂದ ಹೆಣ್ಣು ಕ್ರಿಬ್‌ನ ಹೊಟ್ಟೆ ಚೆರ‍್ರಿ ಹಣ್ಣಿನ ಕೆಂಪಿಗೆ ತಿರುಗುತ್ತದೆ. ಈ ಕುಟುಂಬದಲ್ಲಿ ಹೆಣ್ಣೇ ಹೆಚ್ಚು ಚೆಂದ ಎನ್ನಬಹುದಾದ ಕೆಲವು ಮೀನುಗಳಲ್ಲಿ ಇದೊಂದು.

ಬಯಲುಸೀಮೆಯ ಆಳದ ಕೊಳವೆಬಾವಿಗಳ ಗಡಸು ನೀರು ಮಾತ್ರ ಇರುವವರಿಗೆ ನಮ್ಮದೇ ನೆಲದ ಒಂದು ಸಿಕ್ಲಿಡ್ ಇದೆ. ಆರೆಂಜ್ ಕ್ರೋಮೈಡ್, ಅಂದರೆ ಸೂಡೆಟ್ರೋಪ್ಲಸ್ ಮ್ಯಾಕುಲೇಟಸ್, ದಕ್ಷಿಣ ಭಾರತ ಮತ್ತು ಶ್ರೀಲಂಕಾದ ಹಿನ್ನೀರು, ಅಳಿವೆಗಳ ಮೀನು. ಗಡಸು ನೀರನ್ನೂ ತುಸು ಉಪ್ಪು ನೀರನ್ನೂ ಇಷ್ಟಪಡುತ್ತದೆ. ಗುಂಪಿನಲ್ಲಿರಬಯಸುವ ಮೀನಾದ್ದರಿಂದ ಮೂರು ಅಡಿ ತೊಟ್ಟಿಯಲ್ಲಿ ಐದಾರು ಸಾಕಬೇಕು. ಇದರ ನೆಂಟನಾದ ಎಟ್ರೋಪ್ಲಸ್ ಕೆನರೆನ್ಸಿಸ್ ನೇತ್ರಾವತಿ, ಕುಮಾರಧಾರಾ ನದಿಗಳ ಕಡೆಯ ಅಪರೂಪದ ಜಾತಿ. ಅದನ್ನು ಹೊಳೆಯಿಂದ ಹಿಡಿದು ತರುವ ಯೋಚನೆ ಖಂಡಿತ ಬೇಡ.

“ಪಿಎಚ್ ಇಳಿಸಲು ಏನು ಹಾಕಬೇಕು?” ಎಂದು ಬಹಳ ಮಂದಿ ಕೇಳುತ್ತಾರೆ. ಬಾಟಲಿಯ ಆಮ್ಲವನ್ನಂತೂ ಹಾಕಬೇಡಿ. ಗಡಸು ನೀರಿನಲ್ಲಿರುವ ಕಾರ್ಬೊನೇಟ್‌ಗಳು ಆ ಆಮ್ಲವನ್ನು ನುಂಗಿಕೊಂಡು ಒಂದೆರಡು ದಿನದಲ್ಲಿ ಪಿಎಚ್ಚನ್ನು ಮತ್ತೆ ಮೇಲಕ್ಕೆ ತರುತ್ತವೆ. ಈ ಏರಿಳಿತ ಮೀನಿಗೆ ಸ್ಥಿರವಾದ 7.8ಕ್ಕಿಂತ ಹೆಚ್ಚು ಕೇಡು. ನಿಜವಾಗಿಯೂ ಮೃದು ನೀರೇ ಬೇಕಾದರೆ ಆರ್‌ಒ ಯಂತ್ರದ ಶುದ್ಧ ನೀರನ್ನು ನಲ್ಲಿ ನೀರಿನೊಂದಿಗೆ ಬೆರೆಸಿ ಟಿಡಿಎಸ್ ಇಳಿಸಬಹುದು. ಉದಾಹರಣೆಗೆ 400 ಇರುವ ನೀರಿಗೆ ಮೂರರಷ್ಟು ಆರ್‌ಒ ನೀರು ಬೆರೆಸಿದರೆ ಅದು ಹತ್ತಿರ ಹತ್ತಿರ 100ರಿಂದ 120ಕ್ಕೆ ಬರುತ್ತದೆ. ಬರೀ ಆರ್‌ಒ ನೀರನ್ನೇ ತುಂಬಿಸಬಾರದು. ಅದರಲ್ಲಿ ಪಿಎಚ್ಚನ್ನು ಹಿಡಿದು ನಿಲ್ಲಿಸುವ ಲವಣಗಳೇ ಇಲ್ಲದ ಕಾರಣ ಅದು ಹಠಾತ್ತನೆ ಕುಸಿಯಬಹುದು. ಬೆರೆಸುವುದಾದರೆ ಪ್ರತಿ ವಾರವೂ ಅದೇ ಅಳತೆಯಲ್ಲಿ ಬೆರೆಸುವ ತಾಳ್ಮೆ ನಿಮಗಿದೆಯೇ ಎಂದು ಮೊದಲೇ ಯೋಚಿಸಿಕೊಳ್ಳಿರಿ.

3. ತೊಟ್ಟಿ ಮತ್ತು ಸಲಕರಣೆಗಳು

ಒಂದು ಜೋಡಿಗೆ 2 ಅಡಿ ಉದ್ದ, 1 ಅಡಿ ಅಗಲ, 1 ಅಡಿ ಎತ್ತರದ ತೊಟ್ಟಿ ಕನಿಷ್ಠ. ಅದರಲ್ಲಿ ಮರಳು, ಕಲ್ಲು ಕಳೆದು ಸುಮಾರು 45ರಿಂದ 50 ಲೀಟರ್ ನೀರು ನಿಲ್ಲುತ್ತದೆ. ಕಿರು ಸಿಕ್ಲಿಡ್‌ಗಳು ನೆಲಕ್ಕೆ ಹತ್ತಿರವಾಗಿ ಬದುಕುವುದರಿಂದ ಎತ್ತರ ಹೆಚ್ಚಿಸಿ ಪ್ರಯೋಜನವಿಲ್ಲ. ಹಣವಿದ್ದರೆ ಉದ್ದ, ಅಗಲಕ್ಕೆ ಹಾಕಿ. ಅಪಿಸ್ಟೊ ಗಂಡು ಹಲವು ಹೆಣ್ಣುಗಳನ್ನು ಕೂಡುವ ಮೀನು, ಒಂದು ಗಂಡಿಗೆ ಎರಡು ಮೂರು ಹೆಣ್ಣು ಇಡುವುದು ಒಳ್ಳೆಯದು ಎಂದು ಎಲ್ಲೆಡೆ ಓದಿರುತ್ತೀರಿ. ಅದು ಮೂರು ಅಡಿ ಮೀರಿದ ತೊಟ್ಟಿಗೆ ಸರಿ. ಎರಡು ಅಡಿಯಲ್ಲಿ ಎರಡು ಹೆಣ್ಣು ಬಿಟ್ಟರೆ ಬಲವಾದದ್ದು ಇನ್ನೊಂದನ್ನು ಕೊಲ್ಲುವವರೆಗೂ ಅಟ್ಟುತ್ತದೆ.

ತುಂಬಿದ ಎರಡು ಅಡಿ ತೊಟ್ಟಿ ಎಪ್ಪತ್ತು ಕಿಲೋ ದಾಟುತ್ತದೆ. ಟಿವಿ ಸ್ಟ್ಯಾಂಡ್ ಅಥವಾ ಓದುವ ಮೇಜಿನ ಮೇಲೆ ಇಡಬೇಡಿ. ಮಟ್ಟ ನೋಡಿ, ಗಾಜಿನ ಕೆಳಗೆ ಥರ್ಮೋಕೋಲ್ ಹಾಳೆ ಹಾಸಿ ಕೂರಿಸಿ. ಬಿಸಿಲು ಬೀಳುವ ಕಿಟಕಿಯ ಪಕ್ಕ ಬೇಡ. ಮುಚ್ಚಳ ಇರಲೇಬೇಕು.

ಫಿಲ್ಟರ್ ವಿಷಯದಲ್ಲಿ ದುಬಾರಿ ಯಂತ್ರಗಳ ಅಗತ್ಯವಿಲ್ಲ. ಏರ್ ಪಂಪಿಗೆ ಜೋಡಿಸುವ ಸ್ಪಂಜ್ ಫಿಲ್ಟರ್ ಈ ಮೀನುಗಳಿಗೆ ಎಲ್ಲಕ್ಕಿಂತ ಮೇಲು. ನೀರಿನ ಸೆಳೆತ ಮೆದುವಾಗಿರುತ್ತದೆ, ಮರಿಗಳನ್ನು ಒಳಗೆಳೆದುಕೊಳ್ಳುವುದಿಲ್ಲ, ಕರೆಂಟ್ ಹೋದಾಗ ಬ್ಯಾಟರಿಯ ಏರ್ ಪಂಪಿಗೆ ಕೊಳವೆ ಬದಲಿಸಿದರೆ ಮತ್ತೆ ಓಡುತ್ತದೆ. ಏರ್ ಪಂಪನ್ನು ನೀರಿನ ಮಟ್ಟಕ್ಕಿಂತ ಕೆಳಗಿಟ್ಟಿದ್ದರೆ ಕೊಳವೆಗೆ ಹಿಂದೋಟ ತಡೆಯುವ ಚಿಕ್ಕ ಕವಾಟ ಹಾಕಲೇಬೇಕು. ಇಲ್ಲವಾದರೆ ಕರೆಂಟ್ ಹೋದಾಗ ತೊಟ್ಟಿಯ ನೀರು ಕೊಳವೆಯ ಮೂಲಕ ಪಂಪಿಗೆ ಇಳಿಯುತ್ತದೆ.

ಹೀಟರ್ ಬೆಂಗಳೂರು, ಮೈಸೂರು, ಮಲೆನಾಡಿನವರಿಗೆ ಬೇಕೇ ಬೇಕು. ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಮನೆಯೊಳಗಿನ ತೊಟ್ಟಿಯ ನೀರೂ 20ರ ಆಸುಪಾಸಿಗೆ ಇಳಿಯುತ್ತದೆ. ಅಲ್ಲಿಂದಲೇ ಬಿಳಿಚುಕ್ಕೆ ರೋಗ ಶುರು. ಲೀಟರಿಗೆ ಒಂದು ವಾಟ್ ಲೆಕ್ಕದಲ್ಲಿ ಹೀಟರ್ ಕೊಂಡು, ಅದರ ಮೇಲಿನ ಗುರುತನ್ನು ನಂಬದೆ ಬೇರೆ ಥರ್ಮಾಮೀಟರ್‌ನಲ್ಲಿ ಉಷ್ಣತೆ ನೋಡಿರಿ. ನೀರು ತೆಗೆಯುವ ಮುನ್ನ ಹೀಟರ್ ಆರಿಸಿ ಹತ್ತು ಹದಿನೈದು ನಿಮಿಷ ಬಿಡಬೇಕು. ಕಾದ ಗಾಜು ಗಾಳಿಗೆ ಬಂದರೆ ಸೀಳುತ್ತದೆ. ತೊಟ್ಟಿಯೊಳಗೆ ಕೈ ಹಾಕುವಾಗ ಪ್ಲಗ್ಗನ್ನೇ ಕಿತ್ತಿಡುವ ಅಭ್ಯಾಸ ಮಾಡಿಕೊಳ್ಳಿ. ಕಲಬುರಗಿ, ರಾಯಚೂರು, ಬಳ್ಳಾರಿಯ ಬೇಸಿಗೆಯಲ್ಲಿ ತೊಂದರೆ ಇದರ ಉಲ್ಟಾ. ಮುಚ್ಚಳವನ್ನು ಜಾಲರಿಗೆ ಬದಲಿಸಿ ನೀರಿನ ಮೇಲ್ಮೈಗೆ ಚಿಕ್ಕ ಫ್ಯಾನ್ ಗಾಳಿ ಬಿಟ್ಟರೆ ಎರಡು ಮೂರು ಡಿಗ್ರಿ ಇಳಿಯುತ್ತದೆ. ಮಂಜುಗಡ್ಡೆಯ ಬಾಟಲಿ ತೇಲಿಬಿಡುವುದು ತೀರ ಹಠಾತ್ತಾದ ಉಪಾಯ.

4. ಒಳಗಿನ ಜೋಡಣೆ

ನೆಲಕ್ಕೆ ನಯವಾದ ಸಣ್ಣ ಮರಳೇ ಆಗಬೇಕು. ಈ ಮೀನುಗಳು ಬಾಯ್ತುಂಬ ಮರಳು ಎತ್ತಿಕೊಂಡು, ಅದರೊಳಗಿನ ತಿನಿಸನ್ನು ಜಾಲಿಸಿ, ಉಳಿದ ಮರಳನ್ನು ಕಿವಿರುಗಳಿಂದ ಸುರಿಸುತ್ತವೆ. ಬಣ್ಣ ಬಳಿದ ದಪ್ಪ ಜಲ್ಲಿ ಹಾಕಿದರೆ ಅವುಗಳ ಹುಟ್ಟುಗುಣವನ್ನೇ ಕಸಿದುಕೊಂಡಂತೆ. ಕಟ್ಟಡದ ಎಂ-ಸ್ಯಾಂಡ್‌ನ ಕಣಗಳು ಚೂಪಾಗಿರುವುದರಿಂದ ಅದು ಸಲ್ಲದು. ಮರಳನ್ನು ನೀರು ತಿಳಿಯಾಗುವವರೆಗೆ ತೊಳೆದು, ಒಂದು ಚಮಚ ಮರಳಿನ ಮೇಲೆ ವಿನೆಗರ್ ಹನಿಸಿ ನೋಡಿ. ಗುಳ್ಳೆ ಎದ್ದರೆ ಅದರಲ್ಲಿ ಸುಣ್ಣದ ಅಂಶವಿದೆ, ನೀರನ್ನು ಗಡಸು ಮಾಡುತ್ತದೆ. ಕಲ್ಲುಗಳಿಗೂ ಇದೇ ಪರೀಕ್ಷೆ. ಕಪ್ಪೆಚಿಪ್ಪು, ಹವಳದ ತುಂಡುಗಳನ್ನು ಅಲಂಕಾರಕ್ಕೆ ಹಾಕಬೇಡಿ. ಎರಡು ಮೂರು ಸೆಂಟಿಮೀಟರ್ ದಪ್ಪ ಮರಳು ಸಾಕು.

ಅಪಿಸ್ಟೊ ಮತ್ತು ಕ್ರಿಬ್‌ಗಳು ಗುಹೆಯೊಳಗೆ ಮೊಟ್ಟೆಯಿಡುತ್ತವೆ. ಅದಕ್ಕೆ ಅರ್ಧ ತೆಂಗಿನ ಕರಟಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ನಾರು ಹೆರೆದು ತೆಗೆದು, ಕೊಬ್ಬರಿಯ ಚೂರೂ ಉಳಿಯದಂತೆ ಕೆರೆದು, ನೀರು ಬದಲಿಸುತ್ತ ಎರಡು ಮೂರು ಸಲ ಕುದಿಸಿ, ಅಂಚಿನಲ್ಲಿ ಹೆಬ್ಬೆರಳು ತೂರುವಷ್ಟು ಬಾಗಿಲು ಕೊರೆದು ಬೋರಲು ಹಾಕಿ. ಬಾಗಿಲು ಹೆಣ್ಣಿಗೆ ಮಾತ್ರ ಹಿಡಿಸುವಷ್ಟು ಚಿಕ್ಕದಿದ್ದರೆ ಆಕೆ ಅದನ್ನು ಬೇಗ ಒಪ್ಪುತ್ತಾಳೆ. ಬಣ್ಣ, ಹೊಳಪು ಇಲ್ಲದ ಮಣ್ಣಿನ ಕುಡಿಕೆಯೂ ಆದೀತು. ಎಷ್ಟು ಹೆಣ್ಣು ಮೀನುಗಳಿವೆಯೋ ಅದಕ್ಕಿಂತ ಒಂದಾದರೂ ಹೆಚ್ಚು ಗುಹೆ ಇರಲಿ. ರ‍್ಯಾಮ್‌ಗಳಿಗೆ ಗುಹೆ ಬೇಡ, ಅಂಗೈಯಗಲದ ಚಪ್ಪಟೆ ಕಲ್ಲು ಬೇಕು.

ಒಂದು ಮೀನಿಗೆ ಇನ್ನೊಂದು ಸದಾ ಕಣ್ಣಿಗೆ ಬೀಳದಂತೆ ಮರದ ಬೇರು ಮತ್ತು ಗಿಡಗಳಿಂದ ಮರೆಗಳನ್ನು ಕಟ್ಟುವುದು ಜೋಡಣೆಯ ಮುಖ್ಯ ಉದ್ದೇಶ. ಜಾವಾ ಫರ್ನ್, ಅನುಬಿಯಾಸ್‌ಗಳನ್ನು ಮರಕ್ಕೆ ದಾರದಲ್ಲಿ ಕಟ್ಟಿದರೆ ಸಾಕು, ಕಡಿಮೆ ಬೆಳಕಿನಲ್ಲೂ ಬೆಳೆಯುತ್ತವೆ. ವ್ಯಾಲಿಸ್ನೇರಿಯಾ ಹಿಂಭಾಗಕ್ಕೆ ಒಳ್ಳೆಯದು. ಮೇಲೆ ತುಸು ಅಂತರಗಂಗೆ ತೇಲಿಬಿಟ್ಟರೆ ಬೆಳಕು ಮಂದವಾಗಿ ಮೀನುಗಳು ಧೈರ್ಯದಿಂದ ಹೊರಬರುತ್ತವೆ, ಆದರೆ ಅದು ಮೇಲ್ಮೈಯನ್ನೆಲ್ಲ ಮುಚ್ಚದಂತೆ ವಾರಕ್ಕೊಮ್ಮೆ ತೆಗೆಯುತ್ತಿರಬೇಕು. ಕೆರೆಯಿಂದ ತಂದ ಗಿಡಗಳ ಜತೆ ಬಸವನಹುಳು, ಏರೋಪ್ಲೇನ್ ಚಿಟ್ಟೆಯ ಮರಿಹುಳುಗಳು ಬರುತ್ತವೆ. ಎರಡನೆಯದು ಮೀನಿನ ಮರಿಗಳನ್ನು ಹಿಡಿದು ತಿನ್ನುತ್ತದೆ. ಹೀಗಾಗಿ ಕೆರೆಯ ಗಿಡಗಳನ್ನು ಬೇರೆ ಬಕೆಟ್ಟಿನಲ್ಲಿ ಎರಡು ಮೂರು ವಾರ ಇಟ್ಟು ನೋಡಿಯೇ ಹಾಕಿ. ಬೀದಿ ಬದಿಯ ಬಾದಾಮಿ ಮರದಿಂದ ತಾನಾಗಿ ಉದುರಿ ಒಣಗಿದ ಎಲೆಗಳನ್ನು ತೊಳೆದು ಎರಡು ಮೂರು ಹಾಕಿದರೆ ನೀರು ಚಹಾದ ಬಣ್ಣಕ್ಕೆ ತಿರುಗುತ್ತದೆ. ಇದು ಈ ಮೀನುಗಳ ತವರಿನ ನೀರಿಗೆ ಹತ್ತಿರ. ಕೊಳೆಯುವ ಎಲೆಯ ಮೇಲೆ ಹುಟ್ಟುವ ಸೂಕ್ಷ್ಮಜೀವಿಗಳು ಮರಿಗಳಿಗೂ ಆಹಾರ.

5. ತೊಟ್ಟಿಯನ್ನು ಹದಕ್ಕೆ ತರುವುದು

ಇಡೀ ಕೆಲಸದಲ್ಲಿ ಜನ ದಾಟಿಹೋಗುವ ಹಂತ ಇದು. ಮೊದಲಲ್ಲಿ ಹೇಳಿದ ಮೂರು ವಾರದ ಸಾವಿಗೆ ಹೆಚ್ಚಿನ ಸಲ ಇದೇ ಕಾರಣ.

ಮೀನಿನ ಉಸಿರು, ಮಲ ಮತ್ತು ಮಿಕ್ಕ ಆಹಾರದಿಂದ ಅಮೋನಿಯ ಹುಟ್ಟುತ್ತದೆ, ಅದು ವಿಷ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಅದೂ ವಿಷವೇ. ಇನ್ನೊಂದು ಬಗೆಯದು ಅದನ್ನು ನೈಟ್ರೇಟ್ ಮಾಡುತ್ತದೆ. ನೈಟ್ರೇಟ್ ಅಷ್ಟು ಅಪಾಯಕಾರಿಯಲ್ಲ, ವಾರದ ನೀರು ಬದಲಾವಣೆಯಲ್ಲಿ ಹೊರಹೋಗುತ್ತದೆ. ಹೊಸ ತೊಟ್ಟಿಯ ಸ್ಪಂಜಿನಲ್ಲಿ ಈ ಬ್ಯಾಕ್ಟೀರಿಯಾಗಳು ಇರುವುದಿಲ್ಲ; ಅವು ನೆಲೆಗೊಂಡು ಬೆಳೆಯಲು ನಾಲ್ಕರಿಂದ ಆರು ವಾರ ಬೇಕು. ಈ ಪ್ರಕ್ರಿಯೆಗೆ ಹವ್ಯಾಸಿಗಳು ಸೈಕ್ಲಿಂಗ್ ಎನ್ನುತ್ತಾರೆ. “ನೀರು ತುಂಬಿಸಿ ಎರಡು ದಿನ ಫಿಲ್ಟರ್ ಓಡಿಸಿ, ಮೀನು ಬಿಡಿ” ಎಂಬ ಅಂಗಡಿಯ ಸಲಹೆಯಿಂದ ನೀರಿನ ಕ್ಲೋರಿನ್ ಹೋಗಬಹುದು, ಬ್ಯಾಕ್ಟೀರಿಯಾ ಬರುವುದಿಲ್ಲ.

ಮಾಡಬೇಕಾದದ್ದು ಇಷ್ಟು. ತೊಟ್ಟಿ ತುಂಬಿಸಿ, ಫಿಲ್ಟರ್ ಹಗಲಿರುಳು ಓಡಿಸಿ, ನೀರನ್ನು 28 ಡಿಗ್ರಿಗೆ ತನ್ನಿ. ಅಮೋನಿಯಂ ಕ್ಲೋರೈಡ್ ಸಿಕ್ಕರೆ 50 ಲೀಟರಿಗೆ ಸುಮಾರು 0.3 ಗ್ರಾಂ ಕರಗಿಸಿ. ಇದರಿಂದ ಅಮೋನಿಯ 2 ಪಿಪಿಎಂ ಆಗುತ್ತದೆ. ಸಿಗದಿದ್ದರೆ ದಿನಕ್ಕೊಂದು ಚಿಟಿಕೆ ಮೀನಿನ ಆಹಾರ ಹಾಕುತ್ತ ಬನ್ನಿ, ಕೊಳೆತು ಅದೇ ಕೆಲಸ ಮಾಡುತ್ತದೆ. ಎರಡು ದಿನಕ್ಕೊಮ್ಮೆ ಪರೀಕ್ಷಿಸಿ ಬರೆದಿಡಿ. ಮೊದಲು ಅಮೋನಿಯ ಏರಿ ಇಳಿಯುತ್ತದೆ, ಅದರ ಹಿಂದೆ ನೈಟ್ರೈಟ್ ಏರಿ ಇಳಿಯುತ್ತದೆ, ಕೊನೆಗೆ ನೈಟ್ರೇಟ್ ಕಾಣಿಸಿಕೊಳ್ಳುತ್ತದೆ. 2 ಪಿಪಿಎಂ ಅಮೋನಿಯ ಹಾಕಿದ 24 ಗಂಟೆಯೊಳಗೆ ಅಮೋನಿಯ, ನೈಟ್ರೈಟ್ ಎರಡೂ ಸೊನ್ನೆಗೆ ಬಂದರೆ ತೊಟ್ಟಿ ಹದಕ್ಕೆ ಬಂದಿದೆ. ಆಗ ಅರ್ಧಕ್ಕಿಂತ ಹೆಚ್ಚು ನೀರು ಬದಲಿಸಿ ಮೀನು ತರಬಹುದು. ಗೆಳೆಯರ ಮನೆಯ ಆರೋಗ್ಯವಂತ ಹಳೆಯ ತೊಟ್ಟಿಯ ಸ್ಪಂಜೊಂದನ್ನು ಒದ್ದೆಯಾಗಿಯೇ ತಂದು ನಿಮ್ಮ ಫಿಲ್ಟರ್ ಪಕ್ಕ ಓಡಿಸಿದರೆ ಈ ಅವಧಿ ಬಹಳ ಕಡಿಮೆಯಾಗುತ್ತದೆ.

ಗಡಸು, ಕ್ಷಾರೀಯ ನೀರಿನಲ್ಲಿ ಅಮೋನಿಯದ ವಿಷ ತೀವ್ರ. ಇನ್ನೊಂದೆಡೆ ಪಿಎಚ್ 6ಕ್ಕಿಂತ ಕೆಳಗಿಳಿದ ನೀರಿನಲ್ಲಿ ಬ್ಯಾಕ್ಟೀರಿಯಾಗಳು ಬಹಳ ನಿಧಾನ. ಕರಾವಳಿಯ ಮೃದು ಬಾವಿ ನೀರಿನವರು ಇನ್ನೂ ಎರಡು ವಾರ ಹೆಚ್ಚು ಕಾಯಲು ಸಿದ್ಧರಿರಬೇಕು.

6. ಮೀನನ್ನು ನೋಡಿ ತರುವುದು

ಅಂಗಡಿಗೆ ಹೋದ ಕೂಡಲೇ ಆರಿಸಬೇಡಿ. ಹತ್ತು ನಿಮಿಷ ನಿಂತು ನೋಡಿ, ಆಹಾರ ಹಾಕಲು ಕೇಳಿ. ಮುಂದೆ ಬಂದು ತಿನ್ನುವ, ರೆಕ್ಕೆ ಬಿಚ್ಚಿಕೊಂಡು ಓಡಾಡುವ ಮೀನೇ ಬೇಕು. ಹೊಟ್ಟೆ ಒಳಸರಿದದ್ದು, ಬಿಳಿ ದಾರದಂಥ ಮಲ ಜೋತಾಡುತ್ತಿರುವುದು, ಬಣ್ಣ ಕಪ್ಪಿಟ್ಟು ಮೂಲೆಯಲ್ಲಿ ನಿಂತದ್ದು ಒಂದೇ ಒಂದಿದ್ದರೂ ಆ ತೊಟ್ಟಿಯ ಯಾವ ಮೀನನ್ನೂ ತರಬೇಡಿ. ಎರಡೇ ಸೆಂಟಿಮೀಟರಿನ ರ‍್ಯಾಮ್ ಮರಿ ಬೆಳೆದ ಗಂಡಿನ ಪೂರ್ತಿ ಬಣ್ಣ ತೋರಿದರೆ ಅನುಮಾನಿಸಿ. ಬಣ್ಣ ಏರಲು ಹಾರ್ಮೋನ್ ತಿನ್ನಿಸಿದ ಮರಿಗಳೂ ಮಾರಾಟಕ್ಕೆ ಬರುತ್ತವೆ, ಮನೆಗೆ ಬಂದು ಕೆಲವು ವಾರಗಳಲ್ಲಿ ಅವು ಸೊರಗುತ್ತವೆ. ಉಬ್ಬಿದ ಹೊಟ್ಟೆಯ ಬಲೂನ್ ರ‍್ಯಾಮ್ ಎಂಬ ತಳಿಯ ಬೆನ್ನುಮೂಳೆಯೇ ಕುಗ್ಗಿರುತ್ತದೆ. ಅದನ್ನು ಕೊಳ್ಳದಿರುವುದೇ ಒಳಿತು ಎಂಬುದು ನನ್ನ ಖಚಿತ ಅಭಿಪ್ರಾಯ.

ಹೆಣ್ಣು ನೀಲಿ ರ‍್ಯಾಮ್‌ನ ಹೊಟ್ಟೆ ನಸುಗೆಂಪು, ಪಕ್ಕೆಯ ಕಪ್ಪು ಮಚ್ಚೆಯೊಳಗೆ ನೀಲಿ ಹೊಳಪಿನ ಚುಕ್ಕೆಗಳಿರುತ್ತವೆ. ಗೋಲ್ಡ್, ಎಲೆಕ್ಟ್ರಿಕ್ ಬ್ಲೂ ತಳಿಗಳಲ್ಲಿ ಗಂಡು ಹೆಣ್ಣು ಗುರುತಿಸುವುದು ಕಷ್ಟ. ಅಲ್ಲಿ ಈಗಾಗಲೇ ಜತೆಯಾಗಿ ಜಾಗ ಕಾಯುತ್ತಿರುವ ಜೋಡಿಯನ್ನೇ ಕೇಳಿ ಪಡೆಯಿರಿ.

ಸ್ಥಳೀಯ ಅಂಗಡಿಯಿಂದ ತಂದ ಮೀನಾದರೆ ಚೀಲವನ್ನು ಇಪ್ಪತ್ತು ನಿಮಿಷ ತೇಲಿಸಿ, ಆಮೇಲೆ ಬಕೆಟ್ಟಿಗೆ ಸುರಿದು, ತೆಳು ಕೊಳವೆಯಿಂದ ತೊಟ್ಟಿಯ ನೀರನ್ನು ಹನಿಹನಿಯಾಗಿ ಮುಕ್ಕಾಲು ಗಂಟೆ ಬಿಡಿ. ಚೆನ್ನೈನ ಕೊಳತ್ತೂರಿನಂಥ ದೂರದ ಕಡೆಯಿಂದ ಒಂದು ದಿನ ಚೀಲದಲ್ಲೇ ಪ್ರಯಾಣ ಮಾಡಿ ಬಂದ ಮೀನಿಗೆ ಈ ಕ್ರಮ ಬೇಡ. ಮುಚ್ಚಿದ ಚೀಲದಲ್ಲಿ ಅಮೋನಿಯ ತುಂಬಿರುತ್ತದೆ, ಆದರೆ ಪಿಎಚ್ ಇಳಿದಿರುವುದರಿಂದ ಅದು ಅಷ್ಟಾಗಿ ಕೊಲ್ಲುವುದಿಲ್ಲ. ಚೀಲ ಬಿಚ್ಚಿದೊಡನೆ ಪಿಎಚ್ ಏರತೊಡಗಿ ಅದೇ ಅಮೋನಿಯ ಮಾರಕವಾಗುತ್ತದೆ. ಉಷ್ಣತೆ ಸರಿಹೊಂದಿದ ಕೂಡಲೇ ಬಿಚ್ಚಿ, ಬಲೆಯಲ್ಲಿ ಎತ್ತಿ ತೊಟ್ಟಿಗೆ ಬಿಡಿ. ಚೀಲದ ನೀರು ಎರಡೂ ಸಂದರ್ಭದಲ್ಲಿ ಬಚ್ಚಲಿಗೆ. ಮೊದಲ ದಿನ ದೀಪ ಬೇಡ, ಆಹಾರವೂ ಬೇಡ. ಬೇರೆ ಮೀನುಗಳು ಈಗಾಗಲೇ ಇದ್ದರೆ ಹೊಸದನ್ನು ಮೂರು ನಾಲ್ಕು ವಾರ ಪ್ರತ್ಯೇಕ ತೊಟ್ಟಿಯಲ್ಲಿಡಬೇಕು.

ಜತೆಗಾರರಾಗಿ ಮೇಲ್ಪದರದಲ್ಲಿ ಈಜುವ ಚಿಕ್ಕ ಮೀನುಗಳ ಗುಂಪೊಂದು ಇದ್ದರೆ ಸಿಕ್ಲಿಡ್‌ಗಳು ಹೆದರದೆ ಹೊರಬರುತ್ತವೆ. ರ‍್ಯಾಮ್‌ನ ಬಿಸಿಗೆ ಕಾರ್ಡಿನಲ್ ಟೆಟ್ರಾ, ಅಪಿಸ್ಟೊಗೆ ಎಂಬರ್ ಟೆಟ್ರಾ ಹೊಂದುತ್ತವೆ. ಟೈಗರ್ ಬಾರ್ಬ್, ಏಂಜೆಲ್ ಬೇಡ. ನೆಲದಲ್ಲಿ ತಡಕಾಡುವ ಕೋರಿಡೋರಾಸ್‌ಗಳಿಗೆ ತಾಯಿಮೀನಿನ ಬೆದರಿಕೆ ಅರ್ಥವಾಗುವುದಿಲ್ಲ. ರಾತ್ರಿ ಮೊಟ್ಟೆ ತಿನ್ನುತ್ತವೆ, ಹಗಲು ಕಚ್ಚಿಸಿಕೊಳ್ಳುತ್ತವೆ.

7. ಆಹಾರ ಮತ್ತು ವಾರದ ಕೆಲಸ

ದಿನಕ್ಕೆರಡು ಸಲ, ಎರಡು ನಿಮಿಷದಲ್ಲಿ ಮುಗಿಸುವಷ್ಟು. ಮುಳುಗುವ ಸಣ್ಣ ಪೆಲೆಟ್ ಜತೆಗೆ ಫ್ರೀಜ್ ಮಾಡಿದ ಆರ್ಟೀಮಿಯ, ಡಾಫ್ನಿಯಾ ಬದಲಿಸುತ್ತಿರಿ. ಆರ್ಟೀಮಿಯ ಎಂದರೆ ಉಪ್ಪು ನೀರಿನ ಸಣ್ಣ ಸೀಗಡಿ, ಡಾಫ್ನಿಯಾ ಸಿಹಿನೀರಿನ ನೀರುಚಿಗಟ. ಚರಂಡಿಯಿಂದ ಹಿಡಿದು ಮಾರುವ ಜೀವಂತ ಟ್ಯೂಬಿಫೆಕ್ಸ್ ಹುಳು ರೋಗದ ಮೂಲ, ಅದು ಬೇಡ. ವಾರದಲ್ಲಿ ಒಂದು ದಿನ ಉಪವಾಸ ಒಳ್ಳೆಯದು.

ವಾರಕ್ಕೊಮ್ಮೆ 20ರಿಂದ 25 ಶೇಕಡಾ ನೀರು ಬದಲಿಸಿ. ಹೊಸ ನೀರಿನಲ್ಲಿ ಕ್ಲೋರಿನ್ ಇರಬಾರದು, ಉಷ್ಣತೆ ಒಂದೆರಡು ಡಿಗ್ರಿಗಿಂತ ಹೆಚ್ಚು ಬೇರೆಯಿರಬಾರದು. ನೈಟ್ರೇಟ್ 20 ಪಿಪಿಎಂ ಒಳಗಿರಲಿ. ಸ್ಪಂಜನ್ನು ತಿಂಗಳಿಗೊಮ್ಮೆ, ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಿ. ನಲ್ಲಿಯ ಕೆಳಗೆ ಹಿಡಿದು ಬೆಳ್ಳಗಾಗುವಂತೆ ತೊಳೆದರೆ ಐದನೇ ಹಂತದಲ್ಲಿ ತಿಂಗಳು ಕಾದು ಬೆಳೆಸಿದ ಬ್ಯಾಕ್ಟೀರಿಯಾಗಳೆಲ್ಲ ಕ್ಲೋರಿನ್‌ಗೆ ಸಿಕ್ಕು ಸಾಯುತ್ತವೆ.

8. ಕಾಯಿಲೆ ಬಂದರೆ

ಔಷಧಕ್ಕೆ ಕೈ ಹಾಕುವ ಮುನ್ನ ನೀರನ್ನು ಪರೀಕ್ಷಿಸಿ. ಮೈಮೇಲೆ ಉಪ್ಪು ಉದುರಿಸಿದಂಥ ಬಿಳಿ ಚುಕ್ಕೆ ಬಂದರೆ ನಿಧಾನವಾಗಿ 30 ಡಿಗ್ರಿಗೆ ಏರಿಸಿ, ಗಾಳಿ ಹೆಚ್ಚಿಸಿ, ಬಿಳಿಚುಕ್ಕೆಯ ಔಷಧ ಹಾಕಿ. ಪರೋಪಜೀವಿ ಮೈಬಿಟ್ಟು ನೀರಿನಲ್ಲಿ ಈಜುವ ಹಂತದಲ್ಲಷ್ಟೇ ಔಷಧಕ್ಕೆ ಸಿಗುವುದರಿಂದ, ಚುಕ್ಕೆ ಮಾಯವಾದ ಮೇಲೂ ಔಷಧದ ಅವಧಿ ಮುಗಿಸಬೇಕು. ಬಿಳಿ ಮಲ, ಸೊರಗುವಿಕೆ ಕರುಳಿನ ಪರೋಪಜೀವಿಗಳ ಲಕ್ಷಣ. ಮೆಟ್ರೊನಿಡಜೋಲ್ ಬಳಕೆಯಲ್ಲಿದೆ, ಆದರೆ ಪ್ರಮಾಣವನ್ನು ಮೀನಿನ ಚಿಕಿತ್ಸೆ ಬಲ್ಲ ಪಶುವೈದ್ಯರಿಂದ ತಿಳಿದುಕೊಳ್ಳಿ.

9. ಮೊಟ್ಟೆ ಮತ್ತು ಮರಿಗಳು

ಎಲ್ಲ ಸರಿಯಿದ್ದರೆ ನೀವೇನೂ ಮಾಡದೆಯೂ ಮೊಟ್ಟೆಯಿಡುತ್ತವೆ. ಒಂದು ಬೆಳಿಗ್ಗೆ ಅಪಿಸ್ಟೊ ಹೆಣ್ಣು ಬೂದುಬಣ್ಣ ಕಳಚಿ ನಿಂಬೆ ಹಳದಿಗೆ ತಿರುಗಿ, ಮೈಮೇಲೆ ಕಪ್ಪು ಗುರುತು ಎದ್ದು, ಕರಟದ ಬಾಗಿಲಲ್ಲಿ ನಿಂತಿದ್ದರೆ ಒಳಗಿನ ಚಾವಣಿಗೆ ಮೊಟ್ಟೆ ಅಂಟಿಸಿದ್ದಾಳೆಂದು ತಿಳಿಯಿರಿ. ಕರಟ ಎತ್ತಿ ನೋಡುವ ಆಸೆಯನ್ನು ತಡೆದುಕೊಳ್ಳಿ. ಈಗ ಆಕೆ ತನ್ನ ಎರಡರಷ್ಟಿರುವ ಗಂಡನ್ನೂ ಅಟ್ಟುತ್ತಾಳೆ. ಚಿಕ್ಕ ತೊಟ್ಟಿಯಲ್ಲಿ ಗಂಡು ಮೇಲ್ಮೂಲೆ ಸೇರಿ ರೆಕ್ಕೆ ಹರಿದುಕೊಂಡಿದ್ದರೆ ಬೇರೆಡೆಗೆ ತೆಗೆಯಿರಿ. ಎಂಟೊಂಬತ್ತು ದಿನಕ್ಕೆ ಮರಿಗಳು ಈಜುತ್ತ ಹೊರಬರುತ್ತವೆ. ಹತ್ತಿರ ಕೂತು ನೋಡಿದರೆ ತಾಯಿಯ ಭಾಷೆ ಕಾಣುತ್ತದೆ: ನಿಮ್ಮ ನೆರಳು ಬಿದ್ದೊಡನೆ ಆಕೆ ಮೈಯನ್ನೊಮ್ಮೆ ಕೊಡಹುತ್ತಾಳೆ, ಮರಿಗಳೆಲ್ಲ ಒಟ್ಟಿಗೆ ಮರಳಿಗೆ ಬಿದ್ದು ನಿಶ್ಚಲವಾಗುತ್ತವೆ, ಮರಳಿನದೇ ಬಣ್ಣವಾದ್ದರಿಂದ ಕಣ್ಣಿಗೇ ಸಿಗುವುದಿಲ್ಲ. ಆಕೆ ಮತ್ತೆ ಮುಂದಡಿಯಿಟ್ಟಾಗ ಮರಳಿನ ಕಣಗಳೇ ಜೀವ ತಳೆದಂತೆ ಎದ್ದು ಹಿಂಬಾಲಿಸುತ್ತವೆ.

ರ‍್ಯಾಮ್ ಜೋಡಿ ಬಯಲಲ್ಲೇ ಕಲ್ಲಿನ ಮೇಲೆ ಮೊಟ್ಟೆಯಿಟ್ಟು, ಗಂಡು ಹೆಣ್ಣು ಸರದಿಯಲ್ಲಿ ರೆಕ್ಕೆ ಬೀಸಿ ಕಾಯುತ್ತವೆ. ಮೊದಲ ಎರಡು ಮೂರು ಸಲ ಅವೇ ಮೊಟ್ಟೆ ತಿಂದುಬಿಡುವುದು ಸಾಮಾನ್ಯ, ಬೇಸರಪಡಬೇಡಿ. ಆರೆಂಜ್ ಕ್ರೋಮೈಡ್ ಮರಿಗಳು ತಂದೆತಾಯಿಯ ಮೈಯ ಲೋಳೆಯನ್ನೇ ಮೆಲ್ಲುತ್ತವೆ. ಅದನ್ನು ಕಚ್ಚಾಟವೆಂದು ತಿಳಿದು ಬೇರ್ಪಡಿಸಬೇಡಿ.

ಮರಿಗಳಿಗೆ ಹೊಸದಾಗಿ ಒಡೆದ ಆರ್ಟೀಮಿಯವೇ ಆಹಾರ. ಲೀಟರ್ ನೀರಿಗೆ 25 ಗ್ರಾಂ ಕಲ್ಲುಪ್ಪು ಕರಗಿಸಿ, ಬೋರಲಿಟ್ಟ ಪ್ಲಾಸ್ಟಿಕ್ ಬಾಟಲಿಯಲ್ಲಿ ಅರ್ಧ ಚಮಚ ಆರ್ಟೀಮಿಯ ಮೊಟ್ಟೆ ಹಾಕಿ, 27–28 ಡಿಗ್ರಿಯಲ್ಲಿ ಜೋರಾಗಿ ಗಾಳಿಯಾಡಿಸಿದರೆ ಒಂದು ದಿನ ಕಳೆಯುವಷ್ಟರಲ್ಲಿ ಒಡೆಯುತ್ತವೆ. ಗಾಳಿ ನಿಲ್ಲಿಸಿದಾಗ ಖಾಲಿ ಸಿಪ್ಪೆಗಳು ಮೇಲೆ ತೇಲುತ್ತವೆ, ಕಿತ್ತಳೆ ಬಣ್ಣದ ಮರಿಗಳು ಬೆಳಕಿನ ಕಡೆ ಸೇರುತ್ತವೆ. ಅವನ್ನು ತೆಳು ಬಟ್ಟೆಯಲ್ಲಿ ಸೋಸಿ, ಸಿಹಿನೀರಿನಲ್ಲಿ ತೊಳೆದು, ದಿನಕ್ಕೆ ಮೂರು ನಾಲ್ಕು ಸಲ ಕೊಡಿ. ರ‍್ಯಾಮ್ ಮರಿಗಳ ಬಾಯಿ ಇನ್ನೂ ಚಿಕ್ಕದು. ಮೊದಲ ಕೆಲವು ದಿನ ಬಾದಾಮಿ ಎಲೆಯ ಮೇಲಿನ ಸೂಕ್ಷ್ಮಜೀವಿಗಳು ನೆರವಾಗುತ್ತವೆ. ಮರಿಗಳ ಉಷ್ಣತೆ ಅವುಗಳ ಲಿಂಗವನ್ನೂ ಪ್ರಭಾವಿಸುತ್ತದೆ ಎಂಬುದನ್ನು 1996ರಲ್ಲಿ ರೋಮರ್ ಮತ್ತು ಬೈಸೆನ್‌ಹರ್ಟ್ಸ್ ಎಂಬ ಸಂಶೋಧಕರು ಅಪಿಸ್ಟೊ ಜಾತಿಗಳಲ್ಲಿ ತೋರಿಸಿದರು. ಬಿಸಿ ಹೆಚ್ಚಿದಷ್ಟೂ ಗಂಡುಗಳ ಪಾಲು ಹೆಚ್ಚು. ಎಲ್ಲವೂ ಗಂಡೇ ಆಗದಿರಲು 26 ಡಿಗ್ರಿಯ ಆಸುಪಾಸಿನಲ್ಲಿ ಬೆಳೆಸಿ.

ಎರಡು ತಿಂಗಳಿಗೆ ಮರಿಗಳು ತಂತಮ್ಮಲ್ಲೇ ಜಗಳಕ್ಕಿಳಿಯುತ್ತವೆ, ತಾಯಿ ಮತ್ತೆ ಮೊಟ್ಟೆಗೆ ಸಿದ್ಧಳಾಗಿರುತ್ತಾಳೆ. ಹೆಚ್ಚಾದ ಮರಿಗಳನ್ನು ಕೆರೆ, ಹೊಳೆ, ಬಾವಿಗೆ ಎಂದೂ ಬಿಡಬಾರದು. ಇದೇ ಕುಟುಂಬದ ಜಿಲೇಬಿ ಮೀನನ್ನು 1952ರಲ್ಲಿ ಆಫ್ರಿಕಾ ಮೂಲದ ತಳಿಯಾಗಿ ಭಾರತಕ್ಕೆ ತಂದರು. ಇಂದು ಅದು ನಾಡಿನ ಮೀನುಗಳ ಜಾಗವನ್ನು ಆಕ್ರಮಿಸಿಕೊಂಡು ನಮ್ಮ ಜಲಾಶಯಗಳಲ್ಲಿ ತುಂಬಿದೆ. ಮರಿಗಳನ್ನು ಬೇರೆ ಹವ್ಯಾಸಿಗಳಿಗೋ ಅಂಗಡಿಗೋ ಕೊಡಿ. ಕೊಡುವ ಹಿಂದಿನ ದಿನ ಆಹಾರ ನಿಲ್ಲಿಸಿ, ಚೀಲದಲ್ಲಿ ಮೂರನೇ ಒಂದು ಭಾಗ ನೀರು, ಉಳಿದದ್ದು ಗಾಳಿ ಇರುವಂತೆ ಕಟ್ಟಿ, ನಿಮ್ಮ ತೊಟ್ಟಿಯ ಪಿಎಚ್, ಟಿಡಿಎಸ್ ಮತ್ತು ಉಷ್ಣತೆಯನ್ನು ಒಂದು ಚೀಟಿಯಲ್ಲಿ ಬರೆದು ಚೀಲಕ್ಕೆ ಅಂಟಿಸಿ ಕಳುಹಿಸಿ.